ಒಂದು ಬೂತಿನ ಮತದಾರರ ಪಟ್ಟಿ ಹಿಡಿದು ಕೂತರೆ

ಮತದಾನ ಮುಗಿದ ರಾತ್ರಿ ದಕ್ಷಿಣ ಕನ್ನಡದ ಎಂಟು ವಿಧಾನಸಭಾ ಕ್ಷೇತ್ರಗಳ ಶೇಕಡಾವಾರು ಹೊರಬೀಳುವಾಗ, ಕೊನೆಯ ಸಾಲಿನಲ್ಲಿ ಯಾವ ಹೆಸರು ಇರುತ್ತದೆ ಎಂಬುದು ಎಲ್ಲರಿಗೂ ಮೊದಲೇ ಗೊತ್ತು: ಮಂಗಳೂರು ನಗರ ದಕ್ಷಿಣ. 2023ರ ವಿಧಾನಸಭೆಗೂ ಹಾಗೇ ಆಯಿತು, 2024ರ ಲೋಕಸಭೆಗೂ ಹಾಗೇ. 2024ರಲ್ಲಿ ಜಿಲ್ಲೆಯ ಒಟ್ಟು ಮತದಾನ ಶೇ. 77 ದಾಟಿತ್ತು, ಸುಳ್ಯ, ಬೆಳ್ತಂಗಡಿಯಂಥ ಕಡೆ ಎಂಬತ್ತರ ಮೇಲಿತ್ತು. ಮರುದಿನ ಪೇಟೆಯವರಿಗೆ ಬೈಗುಳ: ಓದಿದವರು, ಕಾರಿನವರು, ಓಟು ಹಾಕಲಿಕ್ಕೆ ಮಾತ್ರ ಪುರುಸೊತ್ತಿಲ್ಲ.

ಬಿಜೈ, ಕದ್ರಿ, ಅತ್ತಾವರದಂಥ ಕಡೆಯ ಒಂದೇ ಒಂದು ಬೂತನ್ನು ಹಿಡಿದು, ಪಟ್ಟಿಯಲ್ಲಿರುವ ಪ್ರತಿ ಹೆಸರನ್ನೂ ಮನೆ ಬಾಗಿಲಿಗೆ ಒಯ್ದು ತಾಳೆ ನೋಡಿದರೆ ಆ ಬೈಗುಳದ ಅರ್ಧ ಉದುರಿಹೋಗುತ್ತದೆ. ‘ಬಾರದವರು’ ಎಂದು ಲೆಕ್ಕಕ್ಕೆ ಸಿಕ್ಕಿದವರಲ್ಲಿ ದೊಡ್ಡ ಪಾಲು ಬರಲಿಕ್ಕೆ ಊರಿನಲ್ಲೇ ಇಲ್ಲ, ಕೆಲವರು ಈ ಲೋಕದಲ್ಲೇ ಇಲ್ಲ. ಉಳಿದ ಅರ್ಧ ಬೈಗುಳಕ್ಕೆ ಯೋಗ್ಯವೇ ಹೌದು. ಆದರೆ ಅದು ಎಷ್ಟು ಎಂದು ಗೊತ್ತಾಗಬೇಕಾದರೆ ಮೊದಲು ಛೇದವನ್ನು, ಅಂದರೆ ಪಟ್ಟಿಯಲ್ಲಿರುವ ಒಟ್ಟು ಹೆಸರಿನ ಲೆಕ್ಕವನ್ನು, ತೊಳೆಯಬೇಕು. ಈ ಕೆಲಸ ಮಾಡಿದ ನಮ್ಮ ಗುಂಪಿನ ಕ್ರಮವನ್ನು, ಅದರಲ್ಲಿ ಎಡವುವ ಜಾಗಗಳನ್ನು ಇಲ್ಲಿ ಬರೆದಿದ್ದೇವೆ.

ಮೊದಲ ಪ್ರಶ್ನೆ, ವಾರ್ಡ್ ಹಿಡಿಯಬೇಕೋ ಬೂತ್ ಹಿಡಿಯಬೇಕೋ ಎಂಬುದು. ಬೂತ್ ಹಿಡಿಯಿರಿ. ಮಹಾನಗರ ಪಾಲಿಕೆಯ 60 ವಾರ್ಡುಗಳಲ್ಲಿ 38 ನಗರ ದಕ್ಷಿಣಕ್ಕೆ, 22 ನಗರ ಉತ್ತರಕ್ಕೆ ಸೇರುತ್ತವೆ. ವಾರ್ಡಿನ ಗಡಿಯೂ ವಿಧಾನಸಭಾ ಪಟ್ಟಿಯ ‘ಭಾಗ’ದ (ಒಂದು ಬೂತಿನ ಪಟ್ಟಿಗೆ ಭಾಗ ಎನ್ನುತ್ತಾರೆ) ಗಡಿಯೂ ಎಲ್ಲ ಕಡೆ ಕೂಡಿಬರುವುದಿಲ್ಲ. ಪಾಲಿಕೆ ಚುನಾವಣೆ ರಾಜ್ಯ ಚುನಾವಣಾ ಆಯೋಗದ್ದು. ಅವರು ವಿಧಾನಸಭಾ ಪಟ್ಟಿಯನ್ನೇ ತೆಗೆದುಕೊಂಡು ವಾರ್ಡಿಗೆ ತಕ್ಕಂತೆ ಕತ್ತರಿಸಿ ಜೋಡಿಸುತ್ತಾರೆ. ಒಂದೇ ಕೇರಿಯ ಎಡಬದಿಯ ಮನೆಗಳು ಒಂದು ವಾರ್ಡಿಗೆ, ಬಲಬದಿಯವು ಇನ್ನೊಂದಕ್ಕೆ ಹೋಗುವುದು ಸಾಮಾನ್ಯ. ಹಾಗಾಗಿ ಪಾಲಿಕೆಯ ಅಂಕಿಯನ್ನು ವಿಧಾನಸಭೆಯ ಅಂಕಿಯ ಪಕ್ಕ ಇಟ್ಟು ‘ಇಲ್ಲಿ ಇಷ್ಟು ಮತ ಆ ಕಡೆ ಹೋಯಿತು’ ಎನ್ನುವವರನ್ನು ನಂಬಬೇಡಿ.

ಪಟ್ಟಿ ಸಿಗುವುದು ಸುಲಭ. ಮುಖ್ಯ ಚುನಾವಣಾಧಿಕಾರಿಗಳ ಜಾಲತಾಣದಲ್ಲಿ ಜಿಲ್ಲೆ, ಕ್ಷೇತ್ರ ಸಂಖ್ಯೆ 203 (ಮಂಗಳೂರು ನಗರ ದಕ್ಷಿಣ), ಭಾಗದ ಸಂಖ್ಯೆ ಆರಿಸಿದರೆ ಪಿಡಿಎಫ್ ಬರುತ್ತದೆ. ಆದರೆ ಅದು ಚಿತ್ರರೂಪದ ಪಿಡಿಎಫ್. ಹೆಸರು ಹಾಕಿ ಹುಡುಕಲು ಬರುವುದಿಲ್ಲ, ನಕಲು ಮಾಡಿ ಎಕ್ಸೆಲ್‌ಗೆ ಅಂಟಿಸಲೂ ಬರುವುದಿಲ್ಲ. ಅಕ್ಷರ ಗುರುತಿಸುವ ತಂತ್ರಾಂಶ ಕನ್ನಡದ ಒತ್ತಕ್ಷರಗಳಲ್ಲಿ ಮುಗ್ಗರಿಸುತ್ತದೆ. ಒಂದು ಬೂತಿನಷ್ಟೇ ಆದರೆ ಕೂತು ಟೈಪ್ ಮಾಡುವುದೇ ಲೇಸು. ಟೈಪ್ ಮಾಡುವಾಗಲೇ ಅರ್ಧ ತಪ್ಪುಗಳು ಕಣ್ಣಿಗೆ ಬೀಳುತ್ತವೆ.

ಪಟ್ಟಿಯ ಮೊದಲ ಹಾಳೆಯಲ್ಲಿ ಭಾಗದ ವ್ಯಾಪ್ತಿ, ಅದರೊಳಗಿನ ವಿಭಾಗಗಳು, ಮತಗಟ್ಟೆಯ ಹೆಸರು, ಗಂಡು, ಹೆಣ್ಣು, ತೃತೀಯ ಲಿಂಗಿ ಮತದಾರರ ಸಂಖ್ಯೆ ಇರುತ್ತದೆ. ನಂತರದ ಪ್ರತಿ ಪುಟದಲ್ಲಿ 30 ಚೌಕ: ಅಡ್ಡಕ್ಕೆ ಮೂರು, ಉದ್ದಕ್ಕೆ ಹತ್ತು. ಪ್ರತಿ ಚೌಕದ ಎಡ ಮೂಲೆಯಲ್ಲಿ ಕ್ರಮಸಂಖ್ಯೆ, ಬಲಕ್ಕೆ ಗುರುತಿನ ಚೀಟಿ ಸಂಖ್ಯೆ, ಕೆಳಗೆ ಹೆಸರು, ತಂದೆಯ ಅಥವಾ ಗಂಡನ ಹೆಸರು, ಮನೆ ಸಂಖ್ಯೆ, ವಯಸ್ಸು, ಲಿಂಗ. ತೆಗೆದುಹಾಕಿದ ಹೆಸರಿನ ಮೇಲೆ ಓರೆಯಾಗಿ ಮುದ್ರೆ ಬಿದ್ದಿರುತ್ತದೆ, ಕ್ರಮಸಂಖ್ಯೆಯ ಪಕ್ಕ ಕಾರಣದ ಅಕ್ಷರವೂ ಇರುತ್ತದೆ: ತೀರಿಕೊಂಡವರಿಗೆ ಇ, ಮನೆ ಬದಲಿಸಿದವರಿಗೆ ಎಸ್, ಎರಡೆರಡು ಸಲ ಬಂದ ಹೆಸರಿಗೆ ಆರ್. ಮುದ್ರೆ ಬಿದ್ದವರನ್ನು ಬಿಟ್ಟೇ ಎಣಿಸಬೇಕು. ಕೊನೆಯ ಕ್ರಮಸಂಖ್ಯೆಯನ್ನೇ ಒಟ್ಟು ಮತದಾರರ ಸಂಖ್ಯೆ ಎಂದು ಹಿಡಿಯುವುದು ಹೊಸಬರ ಮೊದಲ ತಪ್ಪು. ಎರಡನೆಯದು, ಪೂರಕ ಪಟ್ಟಿಯನ್ನು ಮರೆಯುವುದು. ಕೊನೆಯ ಗಳಿಗೆಯಲ್ಲಿ ಸೇರಿದ ಹದಿನೆಂಟು, ಹತ್ತೊಂಬತ್ತರ ಹುಡುಗ ಹುಡುಗಿಯರು ಇರುವುದೇ ಅಲ್ಲಿ.

ಮಂಗಳೂರಿನ ಪಟ್ಟಿಗೆ ಅದರದ್ದೇ ಕಗ್ಗಂಟು ಉಂಟು. ಒಂದೇ ಮನೆಯ ನಾಲ್ಕು ಜನ ಡಿಸೋಜ, ಡಿಸೋಜಾ, ಡಿ ಸೋಜ, ಡಿಸೋಝ ಆಗಿರುತ್ತಾರೆ. ಅಬ್ದುಲ್ ರಹಿಮಾನ್ ಪಕ್ಕದ ಪುಟದಲ್ಲಿ ಅಬ್ದುಲ್ ರಹ್ಮಾನ್. ಮದುವೆಯಾದ ಹೆಣ್ಣು ತವರಿನ ಭಾಗದಲ್ಲಿ ತಂದೆಯ ಹೆಸರಿನೊಂದಿಗೂ ಗಂಡನ ಮನೆಯ ಭಾಗದಲ್ಲಿ ಗಂಡನ ಹೆಸರಿನೊಂದಿಗೂ ಇರಬಹುದು. ಎರಡು ಕಡೆ ಹೆಸರು ಇರುವುದು ಕಾನೂನಿಗೆ ವಿರುದ್ಧ, ಆದರೆ ಅದು ಹೆಚ್ಚಾಗಿ ಮೋಸವಲ್ಲ, ಹಳೆಯದನ್ನು ತೆಗೆಸಲು ಯಾರೂ ಹೋಗದ್ದು, ಅಷ್ಟೆ. ಮನೆ ಸಂಖ್ಯೆಯನ್ನಂತೂ ನಂಬಲೇಬಾರದು. ಹಳೆಯ ಕಂಪೌಂಡ್ ಮನೆ ಕೆಡವಿ ಅಲ್ಲಿ ಅಪಾರ್ಟ್‌ಮೆಂಟ್ ಎದ್ದು ವರ್ಷಗಳಾದರೂ ಪಟ್ಟಿಯಲ್ಲಿ ಹಳೆಯ ಡೋರ್ ನಂಬರೇ ಕೂತಿರುತ್ತದೆ, ಅದರ ಕೆಳಗೆ ಈಗ ಬೇರೆ ಬೇರೆ ಕಡೆ ಚದುರಿದ ಹತ್ತು ಹೆಸರು.

ಮನೆ ಭೇಟಿಗೆ ಕಾಗದದಲ್ಲಿ ಏಳು ಕಲಮು ಸಾಕು: ಇಲ್ಲೇ ಇದ್ದಾರೆ, ನಗರದೊಳಗೆ ಬೇರೆ ಕಡೆ ಹೋದರು, ಬೆಂಗಳೂರು-ಮುಂಬಯಿಯಂಥ ಹೊರ ಊರು, ವಿದೇಶ, ತೀರಿಕೊಂಡವರು, ಎರಡು ಸಲ ಬಂದ ಹೆಸರು, ಗೊತ್ತಾಗಲಿಲ್ಲ. ಕೊನೆಯ ಕಲಮು ಇಲ್ಲದಿದ್ದರೆ ಹೋದವರು ಸುಮ್ಮನೆ ಎಲ್ಲರನ್ನೂ ‘ಹೋದರು’ ಎಂದು ಬರೆದು ತರುತ್ತಾರೆ. ಹೊತ್ತು ಸಂಜೆ ಐದೂವರೆಯಿಂದ ಎಂಟು. ಭಾನುವಾರವಾದರೆ ಚರ್ಚಿನ ಪೂಜೆ ಮುಗಿದು ಜನ ಮನೆ ಸೇರಿದ ಮೇಲೆ. ತುಳು, ಕೊಂಕಣಿ, ಬ್ಯಾರಿ ಮೂರೂ ಬಲ್ಲವರು ತಂಡದಲ್ಲಿದ್ದರೆ ಗೇಟು ಬೇಗ ತೆರೆಯುತ್ತದೆ. ಸಾಲುಮನೆಗಳಲ್ಲಿ ಒಬ್ಬ ಹಿರಿಯ ಹೆಂಗಸನ್ನು ಹಿಡಿದರೆ ಇಡೀ ಸಾಲಿನ ಲೆಕ್ಕ ಅಂಗಳದಲ್ಲೇ ಸಿಗುತ್ತದೆ. ಅಪಾರ್ಟ್‌ಮೆಂಟಿನಲ್ಲಿ ಹಾಗಲ್ಲ. ವಾಚ್‌ಮನ್ ಒಳಗೆ ಬಿಡುವುದಿಲ್ಲ, ಎದುರು ಫ್ಲ್ಯಾಟಿನಲ್ಲಿ ಯಾರಿದ್ದಾರೆಂದು ಈ ಫ್ಲ್ಯಾಟಿನವರಿಗೆ ಗೊತ್ತಿರುವುದಿಲ್ಲ. ಮೊದಲೇ ಅಸೋಸಿಯೇಶನ್ ಕಾರ್ಯದರ್ಶಿಗೆ ಪತ್ರ ಕೊಟ್ಟು, ಅವರ ವಾಟ್ಸ್ಆ್ಯಪ್ ಗುಂಪಿನಲ್ಲಿ ಹಾಕಿಸಿ, ಆಮೇಲೆ ಹೋಗಬೇಕು.

ಬಾಗಿಲಲ್ಲಿ ಯಾವ ಪಕ್ಷ ಎಂದು ಕೇಳಬಾರದು. ಕೇಳಿದರೆ ಬರುವ ಉತ್ತರ ಸುಳ್ಳು, ಮುಂದಿನ ಮನೆಗೆ ನಿಮಗಿಂತ ಮೊದಲೇ ಸುದ್ದಿ ಹೋಗಿರುತ್ತದೆ. ಕೇಳಬೇಕಾದ್ದು ಮೂರೇ: ಇವರು ಇಲ್ಲಿ ಇದ್ದಾರಾ, ಇಲ್ಲದಿದ್ದರೆ ಎಲ್ಲಿ, ಈ ಮನೆಯಲ್ಲಿ ಹೆಸರು ಇಲ್ಲದ ವಯಸ್ಕರು ಯಾರಾದರೂ ಉಂಟಾ.

ಎರಡನೇ ಪ್ರಶ್ನೆಗೆ ಬರುವ ಉತ್ತರಗಳಲ್ಲಿ ನಮ್ಮ ಊರಿನ ಇಡೀ ಚರಿತ್ರೆ ಇರುತ್ತದೆ. “ಮಗ ಅಬುಧಾಬಿಯಲ್ಲಿ, ಸೊಸೆಯೂ ಅಲ್ಲೇ. ಓಟು ಇಲ್ಲೇ ಇರ್ಲಿ, ತೆಗೀಬೇಡಿ ಮಾರಾಯ್ರೇ, ರಜೆಯಲ್ಲಿ ಬಂದ್ರೆ ಬೇಕಾಗ್ತದೆ.” ಈ ಮಾತು ಕೇಳದ ಬೀದಿ ಇಲ್ಲ. ನಿಯಮದ ಪ್ರಕಾರ ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು ಹೊರದೇಶದಲ್ಲಿ ನೆಲೆಸಿದವರು ನಮೂನೆ 6ಎ ಮೂಲಕ ಸಾಗರೋತ್ತರ ಮತದಾರರಾಗಿ ಸೇರಬೇಕು. ಅವರಿಗೆ ಗುರುತಿನ ಚೀಟಿ ಕೊಡುವುದಿಲ್ಲ. ಮತದಾನದ ದಿನ ಖುದ್ದಾಗಿ ಬಂದು ಮೂಲ ಪಾಸ್‌ಪೋರ್ಟ್ ತೋರಿಸಬೇಕು. ಅಷ್ಟು ಕಷ್ಟ ಯಾರು ಪಡುತ್ತಾರೆ? ಹೆಸರು ಸಾಮಾನ್ಯ ಮತದಾರರಾಗಿಯೇ ಉಳಿಯುತ್ತದೆ, ಪ್ರತಿ ಚುನಾವಣೆಯಲ್ಲೂ ಗೈರುಹಾಜರಿ ಬೀಳುತ್ತದೆ.

ಮೂರನೇ ಪ್ರಶ್ನೆಗೂ ಒಂದು ಉತ್ತರ ಮತ್ತೆ ಮತ್ತೆ ಬರುತ್ತದೆ: “ನಮ್ಮ ಓಟು ಊರಲ್ಲಿ.” ಊರು ಎಂದರೆ ಪುತ್ತೂರು, ಬಂಟ್ವಾಳ, ಕಾರ್ಕಳದ ಕಡೆಯ ಮೂಲ ಮನೆ. ಕೆಲಸ, ಮಕ್ಕಳ ಶಾಲೆ, ಸ್ವಂತ ಫ್ಲ್ಯಾಟ್ ಎಲ್ಲ ಮಂಗಳೂರಲ್ಲಿ. ಓಟು ಮಾತ್ರ ಅಲ್ಲಿ. ಮತದಾನದ ದಿನ ಬೆಳಿಗ್ಗೆ ಇವರು ಕಾರು ಹತ್ತುತ್ತಾರೆ. ಹಳ್ಳಿಯ ಶೇಕಡಾವಾರು ಏರುವುದರಲ್ಲಿ ಇವರ ಕೈ ಉಂಟು. ಪೇಟೆಯ ಪಟ್ಟಿಯಲ್ಲಿ ಇವರು ಇಲ್ಲವೇ ಇಲ್ಲ, ಹಾಗಾಗಿ ಇವರ ಉತ್ಸಾಹದ ಪುಣ್ಯ ಪೇಟೆಗೆ ಸಿಗುವುದಿಲ್ಲ. ಪೇಟೆಯ ಸೋಮಾರಿತನ ಎಂದು ಬೈಯುವವರು ಇದನ್ನು ಒಮ್ಮೆಯೂ ಲೆಕ್ಕಕ್ಕೆ ಹಿಡಿದದ್ದು ನಾವು ಕಂಡಿಲ್ಲ.

ಈಗ ಲೆಕ್ಕ. ಉದಾಹರಣೆಗಾಗಿ 1,200 ಹೆಸರಿನ ಭಾಗ ಎಂದುಕೊಳ್ಳಿ. ಬಿದ್ದ ಮತ 780, ಶೇ. 65. ಭೇಟಿಯಲ್ಲಿ ತೀರಿಕೊಂಡವರು 40, ಮನೆ ಬಿಟ್ಟುಹೋದವರು ಮತ್ತು ಎರಡು ಸಲ ಬಂದ ಹೆಸರು ಸೇರಿ 130, ವಿದೇಶದಲ್ಲಿ 70 ಎಂದು ಸಿಕ್ಕಿತು. 240 ಕಳೆದರೆ ಉಳಿಯುವುದು 960. ಅವರ ಮೇಲೆ 780 ಎಂದರೆ ಶೇ. 81! ಇಲ್ಲಿಗೆ ನಿಲ್ಲಿಸಿ ಸಂಭ್ರಮಿಸಿದರೆ ಅದೂ ಸುಳ್ಳು ಲೆಕ್ಕವೇ. ನಗರದೊಳಗೇ ಮನೆ ಬದಲಿಸಿದವರಲ್ಲಿ ಕೆಲವರು ಹಳೆಯ ಬೂತಿಗೆ ಬಂದು ಹಾಕಿರುತ್ತಾರೆ. ಅಂಥವರು 25 ಇದ್ದರೆ ಅವರನ್ನು ಮೇಲಿನಿಂದಲೂ ಕಳೆಯಬೇಕು: 755 ಭಾಗಿಸು 960, ಶೇ. 78.6. ಛೇದದಿಂದ ತೆಗೆದವರನ್ನು ಅಂಶದಿಂದಲೂ ತೆಗೆಯುವುದನ್ನು ಮರೆತ ವರದಿಗಳೇ ಜಾಸ್ತಿ.

ಇನ್ನೂ ಒಂದು ಸೋರಿಕೆ ಅಂಚೆ ಮತದ್ದು. 85 ದಾಟಿದವರು ಮತ್ತು ಶೇ. 40ಕ್ಕಿಂತ ಕಡಿಮೆಯಿಲ್ಲದ ಅಂಗವೈಕಲ್ಯ ಇರುವವರು ನಮೂನೆ 12ಡಿ ಕೊಟ್ಟು ಮನೆಯಲ್ಲೇ ಮತ ಹಾಕಬಹುದು. 2023ರಲ್ಲಿ ಈ ವಯಸ್ಸು 80 ಇತ್ತು, 2024ರ ಲೋಕಸಭೆಗೆ ಮೊದಲು 85 ಮಾಡಿದರು. ಈ ಮತ ಬೂತಿನ ಯಂತ್ರಕ್ಕೆ ಬರುವುದಿಲ್ಲ, ಹೆಸರು ಮಾತ್ರ ಬೂತಿನ ಪಟ್ಟಿಯಲ್ಲಿ ಇರುತ್ತದೆ. ಮಕ್ಕಳೆಲ್ಲ ಹೊರದೇಶಕ್ಕೆ ಹೋಗಿ ವೃದ್ಧರೇ ಉಳಿದ ಬೆಂದೂರು, ವೆಲೆನ್ಸಿಯಾ ಕಡೆಯ ಬೀದಿಗಳಲ್ಲಿ ಇದನ್ನು ನೋಡದೆ ಲೆಕ್ಕ ಹಾಕಬಾರದು. ಚುನಾವಣಾ ಕರ್ತವ್ಯಕ್ಕೆ ಹೋದ ಶಿಕ್ಷಕರು, ಪೊಲೀಸರದ್ದೂ ಇದೇ ಕಥೆ. ಸರಕಾರಿ ವಸತಿಗೃಹಗಳಿರುವ ಬೂತಿನಲ್ಲಿ ಯಂತ್ರದ ಅಂಕಿ ಕಡಿಮೆ ಕಂಡರೆ ಮೊದಲು ಅಂಚೆ ಮತ ನೋಡಿ.

ದಿನಾಂಕವೂ ಆಟ ಆಡುತ್ತದೆ. 2019ರ ಲೋಕಸಭೆಗೆ ನಮ್ಮಲ್ಲಿ ಮತದಾನ ಏಪ್ರಿಲ್ 18, ಪವಿತ್ರ ಗುರುವಾರ; ಮರುದಿನ ಗುಡ್ ಫ್ರೈಡೆ. 2024ರಲ್ಲಿ ಏಪ್ರಿಲ್ 26 ಶುಕ್ರವಾರ, ಮರುದಿನ ತಿಂಗಳ ನಾಲ್ಕನೇ ಶನಿವಾರ, ಬ್ಯಾಂಕು ರಜೆ, ಮತ್ತೆ ಭಾನುವಾರ. ಮೂರು ದಿನದ ರಜೆ ಸಾಲಾಗಿ ಸಿಕ್ಕಿದರೆ ಬೆಂಗಳೂರಿನಲ್ಲಿರುವ ಮಂಗಳೂರಿಗರು ಊರಿಗೆ ಬರುತ್ತಾರೆ, ಮಂಗಳೂರಿನಲ್ಲಿರುವವರು ಹೊರಗೆ ಹೋಗುತ್ತಾರೆ, ಎರಡೂ ಆಗುತ್ತದೆ. 2023ರ ಮೇ 10 ಬುಧವಾರ, ವಾರದ ನಡುವೆ. ಅದರ ಮೇಲೆ ಏಪ್ರಿಲ್, ಮೇ ಎಂದರೆ ಮದುವೆ, ಕೋಲ, ಶಾಲೆಯ ರಜೆ. ಟ್ರಾಲಿಂಗ್ ನಿಷೇಧ ಶುರುವಾಗುವುದು ಜೂನ್ 1ಕ್ಕೆ. ಅಂದರೆ ಬೋಳಾರ, ಹೊಯಿಗೆಬಜಾರ್ ಕಡೆಯಿಂದ ಆಳಸಮುದ್ರಕ್ಕೆ ಹೋದ ಬೋಟು ಮತದಾನದ ಹೊತ್ತಿಗೆ ದಡ ಸೇರದಿದ್ದರೆ ಅದರಲ್ಲಿದ್ದವರ ಮತ ನೀರಿನಲ್ಲೇ.

ಒಲವಿನ ವಿಷಯಕ್ಕೆ ಬರೋಣ. ಯಾರಿಗೆ ಎಷ್ಟು ಎಂಬುದು ಬೂತುವಾರು ಸಿಗುವುದು ನಮೂನೆ 20ರಲ್ಲಿ. ಇದೂ ಜಾಲತಾಣದಲ್ಲಿ ಸಿಗುತ್ತದೆ: ಅಡ್ಡಕ್ಕೆ ಅಭ್ಯರ್ಥಿಗಳು, ಉದ್ದಕ್ಕೆ ಮತಗಟ್ಟೆ ಸಂಖ್ಯೆ, ಕೊನೆಯಲ್ಲಿ ನೋಟಾ ಮತ್ತು ಒಟ್ಟು. ಆದರೆ ಆ ಬೂತಿನಲ್ಲಿ ಎಷ್ಟು ಮತದಾರರು ಇದ್ದರು ಎಂಬುದು ಆ ಹಾಳೆಯಲ್ಲಿ ಇಲ್ಲ. ಅದನ್ನು ಪಟ್ಟಿಯಿಂದ ಅಥವಾ ಬೂತಿನಲ್ಲಿ ಬಿದ್ದ ಮತದ ಲೆಕ್ಕ ಬರೆಯುವ ನಮೂನೆ 17ಸಿಯಿಂದ ತಂದು ಜೋಡಿಸಬೇಕು. ಮತದಾನ ಮುಗಿದಾಗ ಮತಗಟ್ಟೆಯ ಅಧ್ಯಕ್ಷಾಧಿಕಾರಿ ಅಭ್ಯರ್ಥಿಗಳ ಪ್ರತಿ ಏಜೆಂಟರಿಗೂ 17ಸಿಯ ಪ್ರತಿ ಕೊಡಬೇಕು. ಎಷ್ಟೋ ಏಜೆಂಟರು ಅದನ್ನು ಮಡಚಿ ಕಿಸೆಗೆ ಹಾಕಿ ಕಳೆದುಬಿಡುತ್ತಾರೆ.

ಮತಪತ್ರದ ಕಾಲದಲ್ಲಿ ಹಲವು ಬೂತುಗಳ ಮತಪತ್ರ ಬೆರೆಸಿ ಎಣಿಸುವ ಕ್ರಮ ಇತ್ತು. ಯಂತ್ರ ಬಂದ ಮೇಲೆ ಪ್ರತಿ ಬೂತಿನ ಒಲವು ಬೆತ್ತಲೆ. ಬೂತುಗಳನ್ನು ಸೇರಿಸಿ ಎಣಿಸುವ ಟೋಟಲೈಸರ್ ಯಂತ್ರವನ್ನು ಭಾರತ ಚುನಾವಣಾ ಆಯೋಗವೇ ಸೂಚಿಸಿತ್ತು, ಜಾರಿಯಾಗಲಿಲ್ಲ. ‘ನಿಮ್ಮ ಬೀದಿಯಿಂದ ನಮಗೆ ಬಿದ್ದದ್ದು ಇಷ್ಟೇ’ ಎಂದು ಗೆದ್ದವರು ಹೇಳಲು ಸಾಧ್ಯವಾಗಿರುವುದು ಇದರಿಂದ. ನಮ್ಮ ಮಟ್ಟಿಗೆ ಟೋಟಲೈಸರ್ ಬರಬೇಕು, ಈ ಬರಹಕ್ಕೆ ಬೇಕಾದ ಅಂಕಿ ಅದರಿಂದ ಸಿಗದೇ ಹೋದರೂ.

ನಮೂನೆ 20 ಓದುವಾಗ ಎಲ್ಲರೂ ಬೀಳುವ ಹೊಂಡ ಒಂದು. ಮತ್ತೆ ಉದಾಹರಣೆಯ ಅಂಕಿಯೇ: 1,100 ಮತದಾರರ ಬೂತು, ಎರಡು ಚುನಾವಣೆ. ಮೊದಲನೆಯದರಲ್ಲಿ ಒಂದು ಪಕ್ಷಕ್ಕೆ 460, ಇನ್ನೊಂದಕ್ಕೆ 330, ಇತರರಿಗೆ 20; ಒಟ್ಟು 810. ಎರಡನೆಯದರಲ್ಲಿ 400, 325, 15, ಒಟ್ಟು 740. ಬಿದ್ದ ಮತದ ಪಾಲಿನಲ್ಲಿ ನೋಡಿದರೆ ಎರಡನೇ ಪಕ್ಷ ಶೇ. 40.7ರಿಂದ 43.9ಕ್ಕೆ ಏರಿತು. ಊರಿಡೀ ‘ಗಾಳಿ ತಿರುಗಿತು’ ಎನ್ನುತ್ತಾರೆ. ಆದರೆ ಆ ಪಕ್ಷಕ್ಕೆ ಐದು ಮತ ಕಡಿಮೆಯೇ ಬಿದ್ದಿದೆ! ಒಟ್ಟು ಮತದಾರರ ಮೇಲೆ ಲೆಕ್ಕ ಹಾಕಿದರೆ ಮೊದಲ ಪಕ್ಷ 41.8ರಿಂದ 36.4ಕ್ಕೆ, ಎರಡನೆಯದು 30ರಿಂದ 29.5ಕ್ಕೆ. ಗಾಳಿ ತಿರುಗಿದ್ದಕ್ಕಿಂತ ಮೊದಲ ಪಕ್ಷದ ಕಡೆಯವರು ಮನೆಯಲ್ಲೇ ಉಳಿದಿರುವ ಸಾಧ್ಯತೆ ಹೆಚ್ಚು. ಸಾಧ್ಯತೆ ಎಂದಷ್ಟೇ ಹೇಳಬಹುದು, ಏಕೆಂದರೆ ಬೂತಿನ ಅಂಕಿ ನಿವ್ವಳ ಅಂಕಿ. ಅತ್ತಿಂದಿತ್ತ ಹೋದವರು ಅದರಲ್ಲಿ ಕಾಣುವುದಿಲ್ಲ. ಪೇಟೆಯ ಬೂತುಗಳಲ್ಲಿ ಏರಿಳಿತದ ದೊಡ್ಡ ಭಾಗ ಬಂದವರು, ಬಾರದವರ ಕೈಯಲ್ಲಿದೆ ಎಂಬುದು ನಮ್ಮ ಅಭಿಪ್ರಾಯ.

ಯಾವ ಚುನಾವಣೆ ಎಂದು ಹೇಳದೆ ಬೀದಿಯ ಒಲವು ಹೇಳುವಂತಿಲ್ಲ. 2013ರ ಮಾರ್ಚ್‌ನಲ್ಲಿ ಪಾಲಿಕೆಯ 60ರಲ್ಲಿ 35 ಸ್ಥಾನ ಕಾಂಗ್ರೆಸ್ಸಿಗೆ ಬಂತು, ಮೇ ತಿಂಗಳಲ್ಲಿ ನಗರ ದಕ್ಷಿಣದಿಂದ ಕಾಂಗ್ರೆಸ್ಸಿನ ಜೆ.ಆರ್. ಲೋಬೊ ಗೆದ್ದರು. ಮರುವರ್ಷದ ಲೋಕಸಭೆಯಲ್ಲಿ ಜಿಲ್ಲೆ ಬಿಜೆಪಿಯ ನಳಿನ್ ಕುಮಾರ್ ಕಟೀಲ್ ಕಡೆಗೆ. 2018, 2023ರಲ್ಲಿ ನಗರ ದಕ್ಷಿಣ ಬಿಜೆಪಿಯ ವೇದವ್ಯಾಸ ಕಾಮತ್ ಅವರಿಗೆ. 2019ರ ಪಾಲಿಕೆಯಲ್ಲಿ ಬಿಜೆಪಿ 44, ಕಾಂಗ್ರೆಸ್ 14, ಎಸ್‌ಡಿಪಿಐ 2. ವಿಧಾನಸಭೆಯನ್ನು ವಿಧಾನಸಭೆಯ ಜತೆ, ಲೋಕಸಭೆಯನ್ನು ಲೋಕಸಭೆಯ ಜತೆ ಹೋಲಿಸಿ. ನೋಟಾವನ್ನು ಬಿಡಬೇಡಿ: 2024ರಲ್ಲಿ ವಿದ್ಯಾರ್ಥಿನಿ ಸೌಜನ್ಯಾ ಅತ್ಯಾಚಾರ, ಕೊಲೆ ಪ್ರಕರಣದಲ್ಲಿ ನ್ಯಾಯ ಕೇಳಿದ ಹೋರಾಟಗಾರರು ನೋಟಾ ಒತ್ತಲು ಕರೆ ಕೊಟ್ಟಿದ್ದರು, ದಕ್ಷಿಣ ಕನ್ನಡದಲ್ಲಿ ಅದಕ್ಕೆ ಬಿದ್ದ ಮತ 23,576. ಯಾವ ಪಕ್ಷದ ಖಾತೆಗೂ ಸೇರದ ಒಲವು ಅದು.

ಪಕ್ಷಗಳ ಕ್ರಮ ಬೇರೆ. ಬಿಜೆಪಿಯಲ್ಲಿ ಪೇಜ್ ಪ್ರಮುಖ್ ಎಂದು ಪಟ್ಟಿಯ ಒಂದು ಪುಟಕ್ಕೆ ಒಬ್ಬ ಕಾರ್ಯಕರ್ತ; ಕಾಂಗ್ರೆಸ್ಸಿನಲ್ಲಿ ಬೂತ್ ಸಮಿತಿ. ಪ್ರತಿ ಹೆಸರಿನ ಪಕ್ಕ ನಮ್ಮವರು, ಅನುಮಾನ, ಅವರ ಕಡೆ ಎಂಬ ಗುರುತು ಬೀಳುತ್ತದೆ. ಗುರುತು ಬೀಳುವುದು ಹೆಚ್ಚಾಗಿ ಉಪನಾಮ ನೋಡಿ. ಕಾಮತ್, ಶೆಟ್ಟಿ, ಪೂಜಾರಿ, ಡಿಸೋಜ, ಬಾವ ಎಂದು ಓದಿದ ಕೂಡಲೇ ಪೆನ್ನು ಓಡುತ್ತದೆ. ಬೂತಿನ ಮೊತ್ತಕ್ಕೆ ಈ ಅಂದಾಜು ಅಷ್ಟಿಷ್ಟು ಹೊಂದಬಹುದು, ಒಬ್ಬೊಬ್ಬರಿಗೆ ಹೊಂದುವುದಿಲ್ಲ. ಪೇಟೆಯ ಒಂದೇ ಬೂತಿನಲ್ಲಿ ಹಳೆಯ ಸಾಲುಮನೆ, ಹೊಸ ಫ್ಲ್ಯಾಟ್ ಎರಡೂ ಕೂಡಿರುತ್ತವೆ, ನಮೂನೆ 20 ಅವೆರಡನ್ನು ಬೇರ್ಪಡಿಸಿ ಕೊಡುವುದಿಲ್ಲ.

ಮತದಾನದ ದಿನ ಯಾರು ಬಂದರು ಎಂಬ ಲೆಕ್ಕ ಇಡುವುದು ಮತಗಟ್ಟೆಯಿಂದ 200 ಮೀಟರ್ ಆಚೆ ಪಕ್ಷದವರು ಹಾಕುವ ಮೇಜಿನಲ್ಲಿ. ಚೀಟಿ ಬರೆದುಕೊಡುವಾಗ ಪಟ್ಟಿಯಲ್ಲಿ ಗೆರೆ ಎಳೆಯುತ್ತಾರೆ. ಒಳಗಿರುವ ಏಜೆಂಟರೂ ಗುರುತು ಹಾಕುತ್ತಾರೆ, ಆದರೆ ಮತದಾನ ನಡೆಯುವಾಗ ಆ ಪಟ್ಟಿಯನ್ನು ಹೊರಗೆ ಒಯ್ಯುವಂತಿಲ್ಲ, ಯಾರ ಮತ ಬಿತ್ತು ಎಂದು ಚೀಟಿಯಲ್ಲಿ ಬರೆದು ಕಳಿಸುವಂತೆಯೂ ಇಲ್ಲ. ಮೇಜಿನ ಗೆರೆ ಒಟ್ಟು ಮತಕ್ಕಿಂತ ಯಾವಾಗಲೂ ಕಡಿಮೆ, ಏಕೆಂದರೆ ಮೊಬೈಲಿನಲ್ಲೇ ಕ್ರಮಸಂಖ್ಯೆ ನೋಡಿಕೊಂಡವರು ಮೇಜಿಗೆ ಬರುವುದಿಲ್ಲ. ಫ್ಲ್ಯಾಟಿನವರಲ್ಲಿ ಇವರೇ ಹೆಚ್ಚು. ಬೆಳಿಗ್ಗೆ ಏಳರಿಂದ ಹತ್ತರವರೆಗೆ ಸಾಲು, ಹನ್ನೆರಡರಿಂದ ಮೂರರವರೆಗೆ ಸೆಕೆಗೆ ಅಂಗಳ ಖಾಲಿ, ನಾಲ್ಕರ ಮೇಲೆ ಮತ್ತೆ ಜನ. ತಿರುಗಿ ಹೋಗುವವರೂ ಕಮ್ಮಿಯಿಲ್ಲ. ಕಳೆದ ಸಲ ಹಾಕಿದ ಶಾಲೆಗೇ ಬಂದು, ಈ ಸಲ ಬೂತು ಬದಲಾಗಿದೆ ಎಂದು ತಿಳಿದು, ‘ಇನ್ನು ಅಲ್ಲಿವರೆಗೆ ಯಾರು ಹೋಗ್ತಾರೆ’ ಎಂದು ಮನೆ ದಾರಿ ಹಿಡಿಯುವವರು. ಗಂಡನ ಹೆಸರು ಒಂದು ಕೋಣೆಯಲ್ಲಿ, ಹೆಂಡತಿಯದ್ದು ಇನ್ನೊಂದು ಶಾಲೆಯಲ್ಲಿ. ಕಾರ್ಡು ಕೈಯಲ್ಲಿದ್ದೂ ಪಟ್ಟಿಯಲ್ಲಿ ಹೆಸರಿಲ್ಲದವರು. ಕೊನೆಯವರಿಗೆ ಆ ದಿನ ಯಾರೂ ಏನೂ ಮಾಡಲಾರರು.

ಮಾಡಬೇಕಾದ್ದು ಮೊದಲೇ. ಹೊಸ ಹೆಸರಿಗೆ ನಮೂನೆ 6, ಮನೆ ಬದಲಾವಣೆಗೂ ತಿದ್ದುಪಡಿಗೂ ನಮೂನೆ 8, ತೆಗೆಸಲು ನಮೂನೆ 7. ವಯಸ್ಸಿನ ಅರ್ಹತಾ ದಿನ ಈಗ ವರ್ಷಕ್ಕೆ ನಾಲ್ಕು: ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳ 1ನೇ ತಾರೀಕು. ನಾಮಪತ್ರದ ಕೊನೆಯ ದಿನದ ನಂತರ ಆ ಚುನಾವಣೆಗೆ ಪಟ್ಟಿ ಮುಟ್ಟುವಂತಿಲ್ಲ. ಆಕ್ಷೇಪಣೆಗೆ ಏಳು ದಿನ ಬಿಡಬೇಕಾದ್ದರಿಂದ ಅರ್ಜಿ ಅದಕ್ಕಿಂತ ಕನಿಷ್ಠ ಹತ್ತು ದಿನ ಮೊದಲು ಹೋಗಿರಬೇಕು. ತೀರಿಕೊಂಡವರ ನಮೂನೆ 7ಕ್ಕೆ ಮನೆಯವರಿಂದಲೇ ಸಹಿ ಹಾಕಿಸಿ, ಮರಣ ಪತ್ರದ ಪ್ರತಿ ಇಡಿ. ಬೇರೆಯವರು ಹಾಕಿದರೆ ಹಾಕಿದವರು ಅದೇ ಕ್ಷೇತ್ರದ ಮತದಾರರಾಗಿರಬೇಕು, ಸುಳ್ಳು ಹೇಳಿಕೆಗೆ ಒಂದು ವರ್ಷದವರೆಗೆ ಶಿಕ್ಷೆ ಉಂಟು. ಭೇಟಿಯ ಕಾಗದದಲ್ಲಿ ‘ಹೋದರು’ ಎಂದು ಬರೆದ ಎಲ್ಲ ಹೆಸರಿಗೂ ರಾಶಿ ನಮೂನೆ 7 ತುಂಬಿ ಒಯ್ದರೆ ಬಿಎಲ್‌ಒ (ಬೂತ್ ಮಟ್ಟದ ಅಧಿಕಾರಿ) ತೆಗೆದುಕೊಳ್ಳುವುದಿಲ್ಲ, ತೆಗೆದುಕೊಳ್ಳಲೂ ಬಾರದು. ಸರಿಯಾದ ದಾರಿ ನಮೂನೆ 8: ಹೋದವರೇ ಹೊಸ ವಿಳಾಸಕ್ಕೆ ಅರ್ಜಿ ಹಾಕಿದರೆ ಹಳೆಯ ಹೆಸರು ಅದರಿಂದಲೇ ಹೋಗುತ್ತದೆ.

ಒಂದು ಬೂತಿಗೆ 1,500 ಇದ್ದ ಮತದಾರರ ಮಿತಿಯನ್ನು ಆಯೋಗ 2025ರಲ್ಲಿ 1,200ಕ್ಕೆ ಇಳಿಸಿದೆ. ದೊಡ್ಡ ಬೂತುಗಳು ಒಡೆಯುತ್ತವೆ, ಭಾಗದ ಸಂಖ್ಯೆಗಳು ಸರಿದಾಡುತ್ತವೆ. ಸಂಖ್ಯೆ ನೋಡಿಯೇ 2023ರ ಸಾಲನ್ನು ಮುಂದಿನ ಚುನಾವಣೆಯ ಸಾಲಿಗೆ ಜೋಡಿಸಿದರೆ ಬೇರೆಯೇ ಬೀದಿಯ ಮತ ಬಂದು ಕೂರುತ್ತದೆ. ಹಳೆಯ ಸಂಖ್ಯೆ, ಹೊಸ ಸಂಖ್ಯೆ, ಶಾಲೆಯ ಹೆಸರು, ‘ಪೂರ್ವ ಭಾಗ’, ‘ಪಶ್ಚಿಮ ಭಾಗ’ ಎಂಬ ಕೋಣೆಯ ಗುರುತು, ವಿಭಾಗಗಳಲ್ಲಿರುವ ರಸ್ತೆಗಳು, ಇಷ್ಟನ್ನೂ ಪಕ್ಕಪಕ್ಕ ಬರೆದ ಒಂದು ಹಾಳೆ ಬೇಕು. ಹೊಸ ಪಟ್ಟಿ ಬಂದ ಮೇಲೆ ಹಳೆಯದು ಹುಡುಕಿದರೆ ಸಿಗುವ ಭರವಸೆಯಿಲ್ಲ, ಆದ್ದರಿಂದ ಈಗಿನ ಪಿಡಿಎಫ್ ಅನ್ನು ಇಂದೇ ಇಳಿಸಿಟ್ಟುಕೊಳ್ಳಿ.